ಕುಂತಲ್ಲೇ ಶರಣು

ನೀರಿನ ಮೇಲೆ ಕೆಲಸ ಮಾಡುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನೇ ತೇಲಿಕೊಂಡು ಬಂದು ದೋಣಿಗೆ ತಾಗಿ ನಿಲ್ಲುತ್ತದೆ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಆದ ಹೊಸತು. ನಮ್ಮ ಕಚೇರಿಯ ಬೋರ್ಡಿನ ಮೇಲೆ ಇನ್ನೂ ಹಳೆಯ ಹೆಸರೇ ಇತ್ತು. ಚಿಂಚೋಳಿ ಕಡೆ ಗುಡ್ಡಗಳ ನಡುವೆ ಡ್ಯಾಮು ಕಟ್ಟಿ, ನೀರು ನಿಂತು, ಆ ನೀರಿಗೆ ಮೀನಿನ ಮರಿ ಬಿಟ್ಟಿದ್ದರು. ಮೀನು ಇದ್ದಲ್ಲಿ ಮೀನಿನ ಇಲಾಖೆ ಇರಬೇಕಲ್ಲ, ಇಲಾಖೆಯ ಪರವಾಗಿ ನಾನಿದ್ದೆ. ನಾನು ಜಂಗಮರ ಮನೆಯವನು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಿದವನಲ್ಲ, ಮೀನಿನ ರುಚಿ ಏನೆಂದು ಇಂದಿಗೂ ಅರಿಯೆ. ಊರವರು ಚೇಷ್ಟೆ ಮಾಡುತ್ತಿದ್ದರು: "ಸ್ವಾಮೇರ, ಮೀನ ತಿನ್ನದವ್ರ ಕೈಯಾಗ ಮೀನ ಕಾಯಲಿಕ್ಕ ಕೊಟ್ಟಾರಲ್ಲ, ಇಲಾಖಿ ಭಾಳ ಶಾಣ್ಯಾ ಅದ ನೋಡ್ರಿ." ನಾನು ನಗುತ್ತಿದ್ದೆ. ಶಿವನು ಯಾರನ್ನು ಯಾವ ದಂಡೆಗೆ ಕಳಿಸುತ್ತಾನೋ ಅವನೇ ಬಲ್ಲ.

ಭಾನುವಾರ ಬಂತೆಂದರೆ ಶಹಾಬಾದ, ವಾಡಿ, ಸೇಡಂ, ಚಿತ್ತಾಪುರದಿಂದ ಜನ ನೀರು ನೋಡಲು ಬರುತ್ತಿದ್ದರು. ಕೆಲವರು ತಮ್ಮದೇ ದೋಣಿ ತಂದು ಗಾಳ ಹಾಕುತ್ತಿದ್ದರು. ಉಳಿದವರಿಗೆಲ್ಲ, ಊರೇ ಚಾಚಾ ಎಂದು ಕರೆಯುತ್ತಿದ್ದ ಮುಸಲ್ಮಾನ ಹಿರಿಯರೊಬ್ಬರ ಹರಗೋಲೇ ಗತಿ. ಬಿದಿರಿನ ದೊಡ್ಡ ಬುಟ್ಟಿಗೆ ಡಾಂಬರು ಬಳಿದು ಮಾಡಿದ ದುಂಡನೆಯ ದೋಣಿ ಅದು. ಚಾಚಾನ ಹೊಲ ಆ ನೀರಿನ ತಳದಲ್ಲೇ ಇತ್ತು. ಹುಟ್ಟು ಹಾಕುತ್ತ ಹಾಕುತ್ತ ಒಂದು ಕಡೆ ಬಂದಾಗ ಅವರು ಕೈ ನಿಲ್ಲಿಸುತ್ತಿದ್ದರು. "ಇಲ್ಲಿ ನಮ್ಮ ಬಾವಿ ಇತ್ತು ಸ್ವಾಮಿ ಸಾಬ್. ಈಗ ಬಾವ್ಯಾಗಿನ ನೀರು ಮ್ಯಾಲ ಬಂದದ, ಅಷ್ಟೇ." ಮೊದಲು ಹೊಲದಲ್ಲಿ ನೇಗಿಲು ಹೊಡೆದವರು ಈಗ ಅದೇ ಹೊಲದ ಮೇಲೆ ಹುಟ್ಟು ಹಾಕಿ ಮನೆಮಂದಿಯ ಹೊಟ್ಟೆ ಹೊರೆಯುತ್ತಿದ್ದರು. ಆ ಹರಗೋಲಿಗೆ ಇಲಾಖೆಯ ಪರವಾನಗಿ ಬೇಕು. ಅದು ತಪ್ಪಿದರೆ ಅವರಿಗೆ ನೆಲವೂ ಇಲ್ಲ, ನೀರೂ ಇಲ್ಲ.

ನನ್ನ ಕೆಲಸ ಇಷ್ಟೇ. ಇಲಾಖೆಯ ತಗಡಿನ ದೋಣಿಯಲ್ಲಿ ಹೋಗಿ ಆ ದೋಣಿಗಳನ್ನು ತಪಾಸು ಮಾಡುವುದು. ಮರಿಮೀನು ಹಿಡಿದಿದ್ದರೆ ನೀರಿಗೆ ಬಿಡಿಸುವುದು, ಜನ ಹೆಚ್ಚಾಗಿ ತುಂಬಿದ್ದರೆ ಇಳಿಸುವುದು, ಬಿದ್ದವರಿಗೆ ಎಸೆಯಲು ಲಾರಿಯ ಟ್ಯೂಬು ಇದೆಯೋ ಇಲ್ಲವೋ ನೋಡುವುದು. ನನಗಿಂತ ಮೊದಲು ಆ ಕೆಲಸದಲ್ಲಿದ್ದ ಹಿರಿಯರು ಹೇಳಿಕೊಟ್ಟಿದ್ದರು: "ದೂರದಿಂದಲೇ ಕೂಗಿ ಯಾರು ಅಂತ ಹೇಳು. ಮಗ್ಗುಲಿಂದ ಮೆಲ್ಲಗೆ ಹೋಗು. ಕೇಳದೆ ಕಾಲಿಡಬೇಡ, ಅದೂ ಒಬ್ಬರ ಮನೆಯ ಹೊಸ್ತಿಲೇ." ಅದು ನನಗೆ ಮಂತ್ರದಂತೆ ಹಿಡಿಸಿತು. ಯಾರ ದೋಣಿಗಾದರೂ ಕಾಲಿಡುವ ಮೊದಲು ಚಪ್ಪಲಿ ಬಿಚ್ಚುತ್ತಿದ್ದೆ.

ಆದರೆ ಆ ಹಿರಿಯರು ಒಂದನ್ನು ಹೇಳಿರಲಿಲ್ಲ. ತಪಾಸಿಗೆ ಹೋಗುವವನ ಮರ್ಯಾದೆ ಒಂದು ಪಾಲಾದರೆ ನಮ್ಮ ಕಡೆಯ ಜನ ತಿರುಗಿ ಕೊಡುವ ಮರ್ಯಾದೆ ಹತ್ತು ಪಾಲು. ನೆಲದ ಮೇಲೆ ಅದು ಚಂದ. ನೀರಿನ ಮೇಲೆ ಅದಕ್ಕಿಂತ ದೊಡ್ಡ ಗಂಡಾಂತರ ಇಲ್ಲ.

೧. ತಂಪು ಆಸನ

ಶಹಾಬಾದದ ಕಲ್ಲಿನ ವ್ಯಾಪಾರಿಯೊಬ್ಬರು ಹೊಸ ದೋಣಿ ಮಾಡಿಸಿ ತಂದಿದ್ದರು. ಬೆಳಗಿನ ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು, ದಂಡೆಯ ಹತ್ತಿರವೇ ಆ ದೋಣಿ ನಿಂತಿತ್ತು. ಕನಸಿನಲ್ಲಿ ಕಂಡಂತೆ ಅದರ ಅಂಚು ಮಾತ್ರ ಕಾಣಿಸುತ್ತಿತ್ತು. ಮಂಜಿನಿಂದಾಗಿ ಹಾಗೆ ಕಾಣುತ್ತಿದೆ ಎಂದುಕೊಂಡೆ. ಹತ್ತಿರ ಹೋದರೂ ಅಂಚು ಮಾತ್ರವೇ ಕಂಡಿತು.

ಒಳಗೆ ನೋಡಿದೆ. ತಳಕ್ಕೆಲ್ಲ ಹೊಳಪು ಕೊಟ್ಟ ಫರಸಿ ಕಲ್ಲು ಹಾಸಿ, ಸಂದಿಗೆ ಸಿಮೆಂಟು ತುಂಬಿಸಿದ್ದರು. ಕೂಡುವ ಕಟ್ಟೆಗೂ ಫರಸಿಯೇ.

"ಇದೇನ್ರಿ ಯಜಮಾನ್ರ?" ಎಂದೆ.

"ಹಲಗಿ ಬಿಸಲಿಗೆ ಕಾಯ್ತದ್ರಿ ಸ್ವಾಮೇರ. ಫರಸಿ ತಂಪ ಇರ್ತದ. ಬರ್ರಿ, ಕುಂದ್ರಿ."

ನೀರು ಅಂಚಿಗಿಂತ ಒಂದೇ ಬೆರಳು ಕೆಳಗಿತ್ತು. ಇಲ್ಲಿಂದಲೇ ನೋಡುತ್ತೇನೆ ಎಂದೆ. ಅವರ ಮುಖ ಸಣ್ಣದಾಯಿತು. "ನಮ್ಮ ದೋಣ್ಯಾಗ ಕುಂದ್ರಬಾರದಂತ ಏನರೆ ಅದ ಏನ್ರಿ?"

ಹಾಗೆ ಕೇಳಿದ ಮೇಲೆ ಭಕ್ತರ ಮನಸ್ಸು ನೋಯಿಸಬಾರದು. ಚಪ್ಪಲಿ ಬಿಚ್ಚಿದೆ, ಶಿವಶಿವಾ ಎಂದು ಒಂದೇ ಕಾಲು ಇಟ್ಟೆ. ಆ ದೋಣಿ ಅಲುಗಲಿಲ್ಲ, ಹೊರಳಲಿಲ್ಲ. ನಮಸ್ಕಾರಕ್ಕೆ ಮೊಣಕಾಲೂರಿದವರ ಹಾಗೆ ಮೆಲ್ಲಗೆ, ಬಹಳ ಗಂಭೀರವಾಗಿ ಕೆಳಗೆ ಹೋಯಿತು. ದಂಡೆಯ ಹತ್ತಿರವಾದ್ದರಿಂದ ನೀರು ಎದೆಯ ಮಟ್ಟ. ನಾವಿಬ್ಬರೂ ಅದೇ ದೋಣಿಯಲ್ಲಿ, ಆದರೆ ನೀರಿನೊಳಗೆ, ಎದುರುಬದುರು ನಿಂತಿದ್ದೆವು.

ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ. ಅವರೇ ಮೊದಲು ಹೇಳಿದರು: "ಕಾಲಿಂದ ಮುಟ್ಟಿ ನೋಡ್ರಿ ಸ್ವಾಮೇರ. ಒಂದ ಫರಸಿನೂ ಸರದಿಲ್ಲ."

ಹಾಸಿ ಉಳಿದ ಒಂದು ಕಲ್ಲನ್ನು ಅವರು ದಂಡೆಯಲ್ಲೇ ಬಿಟ್ಟು ಹೋದರು. ಅದು ಮುಂದೆ ಕೆಲಸಕ್ಕೆ ಬಂತು.

೨. ಪತ್ರಿ ತೋರಿಸಿ ಬಿಟ್ಟ ದೋಣಿ

ವಾಡಿ ಜಂಕ್ಷನ್ನಿನ ರೈಲ್ವೆಯವರು ರಜೆಯ ದಿನ ಕೂಡಿ ಬಂದಿದ್ದರು. ನಡುನೀರಿನಲ್ಲಿ ಅವರ ದೋಣಿ ಹೋಗುತ್ತಿತ್ತು, ಗಾಳಿಗೆ ನನ್ನ ಕೂಗು ಕೇಳಿಸಲಿಲ್ಲ. ಹೆಗಲ ಮೇಲಿನ ಕಾವಿ ವಸ್ತ್ರ ತೆಗೆದು ಬೀಸಿದೆ. ಅದು ಕಾವಿಮಣ್ಣಿನಲ್ಲಿ ಅದ್ದಿ ಅದ್ದಿ ಕೆಂಪಗೆ ತಿರುಗಿತ್ತು. ಅವರ ದೋಣಿ ತಕ್ಷಣ ನಿಂತಿತು. ನೀರಿನ ಮೇಲೆ ದೋಣಿ ಅಷ್ಟು ಶಿಸ್ತಿನಿಂದ ನಿಂತದ್ದನ್ನು ನಾನು ಕಂಡಿರಲಿಲ್ಲ.

ಹೋಗಿ ನೋಡಿದೆ. ಮೀನು ಸರಿಯಾದ ಅಳತೆಯವು, ಟ್ಯೂಬೂ ಇತ್ತು. "ಎಲ್ಲಾ ಛಲೋ ಅದ್ರಿ, ತ್ರಾಸ ಕೊಟ್ಟೆ, ಹೋಗಿ ಬರ್ರಿ" ಎಂದು ಕೈ ಮುಗಿದು ಹಿಂದೆ ಸರಿದೆ. ಅವರು ಹೋಗಲಿಲ್ಲ. ಹುಟ್ಟು ಎತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತ ಕುಳಿತರು.

"ಯಾಕ್ರಿ, ಹೊಂಡ್ರಿ ಮತ್ತ."

ಅವರೊಳಗಿನ ಹಿರಿಯ ಗಾರ್ಡ್ ಬಹಳ ವಿನಯದಿಂದ ಹೇಳಿದರು: "ಕೆಂಪ ತೋರಿಸಿ ನಿಲ್ಲಿಸೀರಿ. ಹಸರ ತೋರಸ್ರಿ, ಹೊಂಡ್ತೀವಿ."

"ಬಾಯಿಲೆ ಹೇಳಿದೆನಲ್ರಿ."

"ಬಾಯಿ ಮಾತಿಗೆ ಗಾಡಿ ಬಿಟ್ಟವ್ರಲ್ಲರಿ ನಾವು."

ಚೇಷ್ಟೆಯೋ ನಿಜವೋ ತಿಳಿಯಲಿಲ್ಲ, ಮುಖದಲ್ಲಿ ಮಾತ್ರ ನಗು ಇರಲಿಲ್ಲ. ನಾಲ್ಕೂ ಕಡೆ ನೋಡಿದೆ. ನೀರು ನೀಲಿ, ಆಕಾಶ ನೀಲಿ, ನನ್ನ ದೋಣಿ ಬಿಳಿ ತಗಡು. ಕೊನೆಗೆ ಪೂಜೆಯ ಚೀಲದಲ್ಲಿ ಸಂಜೆಗೆಂದು ಇಟ್ಟುಕೊಂಡಿದ್ದ ಬಿಲ್ವಪತ್ರಿ ನೆನಪಾಯಿತು. ಒಂದು ದಳ ತೆಗೆದು ಎತ್ತಿ ತೋರಿಸಿದೆ. ಗಾರ್ಡ್ ಜೇಬಿನಿಂದ ಸೀಟಿ ತೆಗೆದು ಊದಿದರು. ದೋಣಿ ಹೊರಟಿತು.

ಆ ಸಂಜೆ ಪೂಜೆಯಲ್ಲಿ ಒಂದು ದಳ ಕಡಿಮೆ ಬಿತ್ತು. ಶಿವ ಕೋಪಿಸಿಕೊಂಡಿರಲಾರ. ಸಂಸಾರವೆಂಬ ಸಾಗರ ದಾಟಿಸುವ ಪತ್ರಿ, ಚಿಂಚೋಳಿಯ ನೀರು ದಾಟಿಸದೆ ಇದ್ದೀತೇ?

೩. ಬಾಗಿಲಿಗೆ ಬಂದ ಜಂಗಮ

ಸೇಡಮಿನ ಒಂದು ಮನೆತನ ಗಂಟುಬುತ್ತಿ ಕಟ್ಟಿಕೊಂಡು ದೋಣಿ ಹತ್ತಿತ್ತು. ನಾನು ಮಗ್ಗುಲಿಗೆ ಹೋಗಿ ಟ್ಯೂಬು ಇದೆಯೇ ಎಂದು ಕೇಳಿದೆ. ಮನೆಯ ಹಿರಿಯಜ್ಜಿ ನನ್ನ ಹಣೆಯ ವಿಭೂತಿ ನೋಡಿದರು, ನನ್ನ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದರು.

"ಬಾಗಲಿಗೆ ಬಂದ ಜಂಗಮ ಉಣ್ಣದ ಹೋಗಬಾರದು."

"ಯವ್ವಾ, ಇದು ಬಾಗಲಲ್ಲ, ನೀರು."

"ನಾವ ಕುಂತಲ್ಲೇ ನಮ್ಮ ಮನಿ, ಎಪ್ಪಾ. ಸೊಸೀ, ಹೋಳಿಗಿ ತಗಿ."

ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಒಂದೊಂದಾಗಿ ಆ ದೋಣಿಯಿಂದ ಈ ದೋಣಿಗೆ ದಾಟಿದವು. ಉಪ್ಪಿನಕಾಯಿ ಬಡಿಸಲು ಆ ಮನೆಯ ಮಗ ಹುಟ್ಟು ಕೆಳಗಿಟ್ಟ. ತುಪ್ಪ ಹಾಕಿಸಿಕೊಳ್ಳಲು ನಾನೂ ನನ್ನದನ್ನು ಇಟ್ಟೆ. ಇಬ್ಬರೂ ಎಲ್ಲಿ ಇಟ್ಟೆವು ಎಂದು ನೋಡಲಿಲ್ಲ. ಗಾಳಿ ಮೆಲ್ಲಗೆ ಬೀಸುತ್ತಿತ್ತು, ಗುಡ್ಡಗಳು ತಾವೇ ನಡೆದು ಹಿಂದೆ ಸರಿಯುತ್ತಿದ್ದಂತೆ ತೋರುತ್ತಿತ್ತು. ಇದೇ ಕೈಲಾಸವಿರಬೇಕು ಎಂದುಕೊಂಡೆ. ಊಟ ಮುಗಿಸಿ ತಲೆ ಎತ್ತಿದಾಗ ಎರಡೂ ದೋಣಿಗಳು ಆಚೆ ದಂಡೆಯ ಜೇಕಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿದ್ದವು. ಹುಟ್ಟುಗಳು ದೂರದಲ್ಲಿ ಜೋಡಿಯಾಗಿ ತೇಲುತ್ತಿದ್ದವು.

ಚಾಚಾ ಕಂಡು ಬರುವ ತನಕ ಅಲ್ಲೇ ಕುಳಿತೆವು. ಅಜ್ಜಿಗೆ ಒಂದಿಷ್ಟೂ ಚಿಂತೆಯಿಲ್ಲ. "ನೋಡ್ರಿ ಮತ್ತ," ಎಂದರು, "ಉಣ್ಣಲಾರದ ಹೊಂಡ್ತಿದ್ರಿ. ಈಗ ಹಸಕೊಂಡ ಕುಂದ್ರಬೇಕಾಗ್ತಿತ್ತು."

೪. ಸಾಹೇಬರ ಸತ್ಕಾರ

ಇಂಥವು ದಂಡೆಯಲ್ಲೇ ಉಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಸುದ್ದಿ ಗುಲಬರ್ಗಾ ಮುಟ್ಟಿತು. ಹೊಸದಾಗಿ ಬಂದ ದೊಡ್ಡ ಸಾಹೇಬರು ತಾವೇ ತಪಾಸಿಗೆ ಬಂದರು. ಬೂಟು, ಕನ್ನಡಕ, ಪುಸ್ತಕದಲ್ಲಿ ಇರುವಂಥ ಕನ್ನಡ. "ಈ ಬಿದಿರಿನ ಬುಟ್ಟಿ ಸುರಕ್ಷಿತವೆಂದು ತಾವು ಹೇಗೆ ನಿರ್ಧರಿಸಿದಿರಿ?" ಎಂದು ಕೇಳಿದರು. ಚಾಚಾ ಎಷ್ಟೋ ಜನರನ್ನು ದಾಟಿಸಿದ್ದಾರೆ, ಒಬ್ಬರ ಕಾಲೂ ತೊಯ್ದಿಲ್ಲ ಎಂದೆ. "ನಾನೇ ಹತ್ತಿ ನೋಡುತ್ತೇನೆ" ಎಂದರು.

ಆ ಹೊತ್ತಿಗೆ ಚಾಚಾನ ಹರಗೋಲಿನಲ್ಲಿ ಚಿತ್ತಾಪುರದ ವಕೀಲರೂ ಅವರ ಗೆಳೆಯರೂ ಇದ್ದರು. ನಡತೆಯೆಂದರೆ ಚಿತ್ತಾಪುರದವರದ್ದು. ನಾನು ಕಲಿತ ಪ್ರಕಾರ ದೂರದಿಂದಲೇ ಕೂಗಿದೆ, ಮಗ್ಗುಲಿಂದ ಮೆಲ್ಲಗೆ ಹೋದೆ, "ಸಾಹೇಬರು ಒಳಗ ಬರಲೇನ್ರಿ?" ಎಂದು ಅಪ್ಪಣೆಯನ್ನೂ ಕೇಳಿದೆ.

ಸಾಹೇಬರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ವಕೀಲರು ಎದ್ದು ನಿಂತರು. ಅವರು ಎದ್ದ ಮೇಲೆ ಗೆಳೆಯರು ಕೂತಿರಬಹುದೇ? ಎಲ್ಲರೂ ಎದ್ದರು. ಹುಟ್ಟು ಬಿಟ್ಟು ಚಾಚಾನೂ ಎದ್ದು ಸಲಾಮು ಮಾಡಿದರು.

"ಇಲ್ಲಿ ಕುಂದ್ರಿ ಸಾಹೇಬ್ರ."

"ಅಲ್ಲಿ ಬಿಸಲ ಅದ, ನನ್ನ ಜಾಗಾದಾಗ ಕುಂದ್ರಿ."

"ಛೇ ಛೇ, ನಮ್ಮ ಕಡಿ ಬರ್ರಿ."

ಕೈಹಿಡಿದು ಕರೆಯಲು ಎಲ್ಲರೂ ಒಂದೇ ಅಂಚಿಗೆ ಬಂದರು. ಉಳಿದ ಸಾರು ಚೆಲ್ಲಲು ತಾಟು ಓರೆ ಮಾಡುತ್ತಾರಲ್ಲ, ಹರಗೋಲು ಹಾಗೆ ಓರೆಯಾಯಿತು. ಉಳಿದವರೆಲ್ಲ ಅಂಚು ಹಿಡಿದುಕೊಂಡರು. ಒಂದು ಕಾಲು ಇಟ್ಟಿದ್ದ ಸಾಹೇಬರು ಮಾತ್ರ ನೀರಿಗೆ ಬಿದ್ದರು. ಬೀಳುವಾಗ ಅವರ ಪುಸ್ತಕದ ಕನ್ನಡ ಎಲ್ಲಿ ಹೋಯಿತೋ ಕಾಣೆ. "ಯಪ್ಪಾ, ಸತ್ತೆನಲ್ಲೋ" ಎಂದು ಕೂಗಿದ್ದು ಗುಡ್ಡಕ್ಕೆ ಕೇಳಿಸಿತು.

"ಸಾಬ್ ನಮ್ಮ ಕಡೀಯವರೇ ಇದ್ದಾರ," ಎಂದು ಚಾಚಾ ಸಂತೋಷಪಡುತ್ತಲೇ ಲಾರಿಯ ಟ್ಯೂಬು ಎಸೆದರು. ಗುರಿ ತಪ್ಪಲಿಲ್ಲ. ಟ್ಯೂಬು ನೇರವಾಗಿ ಸಾಹೇಬರ ಕೊರಳಿಗೆ ಬಿತ್ತು. ಕೊರಳಿಗೆ ಹಾರ ಬಿದ್ದಂತೆ ಕಂಡೊಡನೆ ಚಿತ್ತಾಪುರದವರು ರೂಢಿಯ ಪ್ರಕಾರ ಚಪ್ಪಾಳೆ ತಟ್ಟಿದರು.

೫. ಏಳದವರ ದೋಣಿ

ದಂಡೆಗೆ ಬಂದ ಮೇಲೆ ಸಾಹೇಬರ ಕನ್ನಡ ಮತ್ತೆ ಪುಸ್ತಕಕ್ಕೆ ಹೋಯಿತು. "ಮುಂದಿನ ತಿಂಗಳು ಮತ್ತೆ ಬರುತ್ತೇನೆ. ಅಂದು ಈ ಬುಟ್ಟಿ ಒಂದೇ ಒಂದು ಸಲ ಓರೆಯಾದರೂ ಇದರ ಪರವಾನಗಿ ರದ್ದು."

ಚಾಚಾ ಹರಗೋಲನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಕೈಯಿಟ್ಟು ಕುಳಿತರು, ದನದ ಮೈ ಸವರುವ ಹಾಗೆ. ಎದುರಿಗೆ ಅವರ ಹೊಲ ನೀರಿನಡಿಯಲ್ಲಿ ಮಲಗಿತ್ತು, ಸೂರ್ಯ ಅದರ ಮೇಲೆ ಇಳಿಯುತ್ತಿದ್ದ.

"ಅಲ್ಲಾ ಮಾಲಿಕ್," ಎಂದರು ಕೊನೆಗೆ. "ನಾ ಏನ ತಪ್ಪ ಮಾಡ್ದೆ ಸ್ವಾಮಿ ಸಾಬ್? ಸಲಾಂ ಮಾಡ್ದೆ."

"ನಿಂತು ಮಾಡಿದ್ರಿ ಚಾಚಾ, ಅದೇ ತಪ್ಪು."

ಆ ರಾತ್ರಿಯ ಪೂಜೆಯಲ್ಲಿ ನನ್ನ ಬೇಡಿಕೆ ಒಂದೇ ಇತ್ತು. ಮರುದಿನ ಶಹಾಬಾದದ ಆ ಫರಸಿ ಕಲ್ಲನ್ನು ದಂಡೆಯಲ್ಲಿ ನಿಲ್ಲಿಸಿ, ಸುಣ್ಣದಲ್ಲಿ ದೊಡ್ಡದಾಗಿ ಬರೆದೆ: "ದೋಣಿಯೊಳಗೆ ಯಾರು ಬಂದರೂ ಏಳಬಾರದು. ಕುಂತಲ್ಲೇ ಶರಣು ಅನ್ನಬೇಕು."

ಬರೆಯುವುದು ಸುಲಭ. ಮರುವಾರವೇ ಒಬ್ಬ ಗೌಡರು ಅದನ್ನು ಗಟ್ಟಿಯಾಗಿ ಓದಿ, ಒಪ್ಪಿ, ತಲೆದೂಗಿ ಹರಗೋಲು ಹತ್ತಿದರು. ಹಿಂದಿನಿಂದ ಅವರ ಬೀಗರು ಬಂದರು. ಗೌಡರು ಎದ್ದು ನಿಂತರು. ಕೇಳಿದರೆ, "ಅದು ಸಾಹೇಬ್ರಿಗಲ್ಲೇನ್ರಿ ಬರದದ್ದು? ಇವ್ರು ಬೀಗರು" ಎಂದರು. ನಮ್ಮ ಜನ ಮುಳುಗಿಯಾರು, ಕೂತುಕೊಂಡು ನಮಸ್ಕಾರ ಮಾಡಲಾರರು ಎಂದು ನನಗೆ ಖಾತ್ರಿಯಾಯಿತು.

ಪರೀಕ್ಷೆಯ ದಿನಕ್ಕೆ ಹರಗೋಲಿನಲ್ಲಿ ಯಾರನ್ನು ಕೂಡಿಸುವುದು? ಯಾರು ಬಂದರೂ ಏಳದಂಥವರು ಬೇಕು. ಯೋಚಿಸುತ್ತಿರುವಾಗ ಚಾಚಾನೇ ಹೇಳಿದರು: "ಉಸ್ತಾದರು ಇದ್ದಾರಲ್ಲ."

ಉಸ್ತಾದರು ಎಂದರೆ ಚಿಂಚೋಳಿಯಲ್ಲಿ ನೆಲೆಸಿದ್ದ ಮುದಿ ಮಾಸ್ತರರು. ನಿಜಾಮರ ಕಾಲದಲ್ಲಿ ಊರೂರು ತಿರುಗಿ ಉರ್ದು, ಲೆಕ್ಕ ಕಲಿಸಿದವರು; ಶಾಲೆಗೆ ಆಗ ಮದರಸಾ ಎನ್ನುತ್ತಿದ್ದರು. ಶೇರವಾನಿ, ತಲೆಗೆ ರುಮಾಲು, ಬಿಸಿಲಿಗೆ ಕೊಡೆ. ಎಷ್ಟೋ ಸಲ ಸುಮ್ಮನೆ ಬಂದು ಹರಗೋಲಿನ ನಡುವೆ ಕುಳಿತು, ತಸಬಿಯ ಮಣಿ ಎಣಿಸುತ್ತ ತಿರುಗಿ ಹೋಗುತ್ತಿದ್ದರು. ಮೊಣಕಾಲು ಹಿಡಿದುಕೊಂಡಿದ್ದರಿಂದ ಅವರು ಯಾರಿಗೂ ಏಳುತ್ತಿರಲಿಲ್ಲ. ಕಲೆಕ್ಟರು ಬಂದಾಗಲೂ ಎದ್ದಿಲ್ಲವೆಂದು ಊರಲ್ಲಿ ಹೆಸರಿತ್ತು.

ಹೋಗಿ ಕೇಳಿಕೊಂಡೆ. "ಅಂದರ ನನ್ನ ಕೆಲಸ ಏನು?" ಎಂದರು.

"ಏನಿಲ್ಲರಿ ಉಸ್ತಾದ್. ಏಳಬಾರದು, ಅಷ್ಟೇ."

"ಈ ವಯಸ್ಸಿನ್ಯಾಗ ನನಗ ಬರೂ ಕೆಲಸ ಅದೊಂದೇ," ಎಂದು ಒಪ್ಪಿದರು. ಅವರ ಹಾಗೆಯೇ ಮೊಣಕಾಲು ನೋವಿನ ಇಬ್ಬರು ಗೆಳೆಯರನ್ನೂ ಕರೆತಂದರು.

ಆ ಬೆಳಿಗ್ಗೆ ನೀರು ಕನ್ನಡಿಯಾಗಿತ್ತು. ಗುಡ್ಡ ತಲೆಕೆಳಗಾಗಿ ನೀರಿನಲ್ಲಿತ್ತು, ಹರಗೋಲು ಆ ಗುಡ್ಡದ ನೆತ್ತಿಯ ಮೇಲೆ ನಿಂತಂತಿತ್ತು. ನಡುವೆ ಮೂವರು ಮುದುಕರು ಕೊಡೆ ಬಿಚ್ಚಿ ಕುಳಿತಿದ್ದರು. ಚಾಚಾ ತಮ್ಮ ಕಾಲನ್ನು ತಾವೇ ನಂಬದೆ ರುಮಾಲಿನಿಂದ ಎರಡೂ ಕಾಲು ಕೂಡಿಸಿ ಕಟ್ಟಿಕೊಂಡಿದ್ದರು. ತಪಾಸಿಗೆ ಬಂದ ನನಗೆ ಅದೂ ಒಂದು ಗಂಡಾಂತರವೇ, ಬಿಚ್ಚಿಸಿದೆ.

ಸಾಹೇಬರು ಈ ಸಲ ಹರಗೋಲು ಹತ್ತಲು ಒಪ್ಪಲಿಲ್ಲ. ಇಲಾಖೆಯ ದೋಣಿಯಿಂದಲೇ ನೋಡುತ್ತೇನೆ ಎಂದರು. ನಾನು ಹುಟ್ಟು ಹಾಕಿದೆ, ದೂರದಿಂದ ಕೂಗಿದೆ, ಮಗ್ಗುಲಿಗೆ ತಂದೆ. ಕೊಡೆಯ ಮರೆಯಲ್ಲಿ ಮುಖಗಳು ಕಾಣುತ್ತಿರಲಿಲ್ಲ. ಯಾರೂ ಏಳಲಿಲ್ಲ. "ಶರಣ್ರಿ," ಎಂದರು ಚಾಚಾ, ಕುಂತಲ್ಲೇ. ಹರಗೋಲು ಅಲುಗಲಿಲ್ಲ.

ಸಾಹೇಬರು ಕನ್ನಡಕದೊಳಗಿಂದ ನೋಡಿದರು. ನನ್ನ ಬಾಯಲ್ಲಿ ಶಿವನಾಮ ಓಡುತ್ತಿತ್ತು. ಆಗ ಉಸ್ತಾದರು, ಬಂದವರು ಯಾರೆಂದು ನೋಡಲು ಕೊಡೆಯನ್ನು ಸ್ವಲ್ಪ ಓರೆ ಮಾಡಿದರು.

ಸಾಹೇಬರ ಮುಖ ಬಿಳುಚಿತು. ಕೈಯಲ್ಲಿದ್ದ ಪೆನ್ನು ಬಿತ್ತು. "ಉಸ್ತಾದ್," ಎಂದರು, ಸಣ್ಣ ಹುಡುಗನ ದನಿಯಲ್ಲಿ. ಹಾಗೆಂದವರೇ ಕೈಕಟ್ಟಿ ಸಟ್ಟನೆ ಎದ್ದು ನಿಂತರು. ತಗಡಿನ ದೋಣಿ ಅವರ ಕಾಲಡಿಯಿಂದ ಜಾರಿ ಆಚೆ ಹೋಯಿತು. ನಾನು ಅಂಚು ಹಿಡಿದು ಹೇಗೋ ಉಳಿದೆ. ಸಾಹೇಬರು ಕಟ್ಟಿದ ಕೈ ಬಿಚ್ಚಲಿಲ್ಲ, ತಗ್ಗಿಸಿದ ತಲೆ ಎತ್ತಲಿಲ್ಲ. ಅದೇ ವಿನಯದಲ್ಲಿ ನೆಟ್ಟಗೆ ನೀರೊಳಗೆ ಇಳಿದು ಹೋದರು.

ಚಾಚಾ ಏಳಲಿಲ್ಲ. ಕುಂತಲ್ಲಿಂದಲೇ ಟ್ಯೂಬು ಎಸೆದರು. ಉಸ್ತಾದರ ಗೆಳೆಯರಿಬ್ಬರನ್ನು ಆಚೆ ಅಂಚಿಗೆ ಒರಗಿಸಿ ಕೂಡಿಸಿ, ಈಚೆಯಿಂದ ಸಾಹೇಬರನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು. ಹರಗೋಲು ಓರೆಯಾಗಲಿಲ್ಲ. ಸಾಹೇಬರು ನೀರು ಸುರಿಯುತ್ತ ಉಸ್ತಾದರ ಕಾಲ ಹತ್ತಿರ ಕುಳಿತರು. ಕಾಲು ಮುಟ್ಟಲು ಬಗ್ಗಿದಾಗ ಚಾಚಾ ಅವರ ಹೆಗಲು ಹಿಡಿದರು. "ಸಾಬ್, ಅದೆಲ್ಲ ದಂಡೀಗಿ ಹೋಗಿ ಮಾಡ್ರಿ."

ಹರಗೋಲು ತನ್ನಷ್ಟಕ್ಕೆ ಮೆಲ್ಲಗೆ ಒಂದು ಸುತ್ತು ತಿರುಗಿತು. ಸಾಹೇಬರು ಕನ್ನಡಕವಿಲ್ಲದ ಕಣ್ಣಿಂದ ನನ್ನ ಕಡೆ ನೋಡಿದರು. "ಈ ಬುಟ್ಟಿ ವಾಲ್ತೇನ್ರಿ?"

"ಇಲ್ಲರಿ ಸಾಹೇಬ್ರ. ವಾಲಿದ್ದು ಇಲಾಖಿ ದೋಣಿ."

"ಹಂಗಾದ್ರ ಚಾಚಾಗ ಪರವಾನಗಿ ಕೊಡ್ರಿ," ಎಂದರು, ಈ ಸಲ ಪೂರಾ ನಮ್ಮ ಕಡೆಯ ಮಾತಿನಲ್ಲೇ. "ಆ ತಗಡಿನ ದೋಣಿ ಮಾತ್ರ ಬಂದ್ ಮಾಡ್ರಿ."

ಚಾಚಾ ಆಕಾಶದ ಕಡೆ ಎರಡೂ ಕೈ ಎತ್ತಿದರು. ನಾನು ಕೊರಳಿನ ಲಿಂಗ ಮುಟ್ಟಿಕೊಂಡೆ. ಹರಗೋಲಿನ ಕೆಳಗೆ ಚಾಚಾನ ಬಾವಿ ಇದ್ದ ಜಾಗವೇ ಇರಬೇಕು.

ಉಸ್ತಾದರು ಮಾತ್ರ ಸಾಹೇಬರ ಮುಖವನ್ನೇ ಹುಡುಕುತ್ತಿದ್ದರು. "ಆಡಕಿ ಊರಿನ ಮದರಸಾದಾಗ ಕಿಟಕಿ ಹತ್ತರ ಕುಂದರ್ತಿದ್ದೆಲ್ಲ, ನೀನೇನು?"

"ಹೌದ್ರಿ ಉಸ್ತಾದ್."

ಉಸ್ತಾದರು ಕೊಡೆ ಮಡಚಿ ನಮ್ಮೆಲ್ಲರ ಕಡೆ ತಿರುಗಿದರು. ಬಹಳ ನೊಂದುಕೊಂಡಿದ್ದರು.

"ಹುಡುಗಂದೇನೂ ತಪ್ಪಿಲ್ಲರಿ," ಎಂದರು. "ಇವ ಆಗಿನಿಂದ ಹಿಂಗೇ. ನನ್ನ ಕಂಡ್ರ ಎದ್ದ ನಿಂದರವ, ಕುಂದ್ರು ಅಂದಮ್ಯಾಲೇ ಕುಂದರವ. ಇವತ್ತ ನಾನೇ ಕುಂದ್ರು ಅನ್ನೂದ ಮರತೆ."